ಅಕ್ಕ ಕೇಳಿದ ಬಾಗಿಲು

ಅಕ್ಕ ನಿವೃತ್ತಿಯಾದ ವರ್ಷ ದಾಂಡೇಲಿಯ ನಮ್ಮ ಹಂಚಿನ ಮನೆಯ ಅಟ್ಟವನ್ನು ಖಾಲಿ ಮಾಡಿದೆವು. ಮುರಿದ ಕುರ್ಚಿ, ಮಗಳ ಹಳೆಯ ಪಾಠಪುಸ್ತಕ, ಯಾರೂ ಬಳಸದ ಹಿತ್ತಾಳೆ ಹಂಡೆ, ಎಲ್ಲ ಕೆಳಗಿಳಿದವು. ಹಲಗೆ ಬದಲಿಸಿ, ಅಗಲವಾದ ಮೆಟ್ಟಿಲು ಮಾಡಿಸಿ, ಅಲ್ಲಿ ಅಕ್ಕನಿಗೊಂದು ಮಲಗುವ ಖೋಲಿ ಕಟ್ಟಿಸುವುದೆಂದು ನಾನೂ ನಮ್ಮ ಯಜಮಾನರೂ ಮಾತಾಡಿಕೊಂಡಿದ್ದೆವು. ಕಾಗದದ ಕಾರ್ಖಾನೆಯಲ್ಲಿ ಕೆಲಸ ಮಾಡುವ ಅವರದು ಮಾತು ಕಡಿಮೆ. "ನಿಮ್ಮಕ್ಕಗ ಕೇಳಿ ಮಾಡಸು" ಅಂದರು, ಅಷ್ಟೇ.

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅವ್ವ ತೀರಿಕೊಂಡಾಗ ನನಗೆ ಆರು ವರ್ಷ. ಆಮೇಲೆ ನನ್ನ ಜಡೆ ಹೆಣೆದದ್ದು, ಜ್ವರ ಬಂದಾಗ ಬೆನ್ನ ಮೇಲೆ ಹೊತ್ತು ಮುಂಡಗೋಡದ ದವಾಖಾನೆಗೆ ನಡೆದದ್ದು ಅವಳೇ. ಮದುವೆಯಾಗಲಿಲ್ಲ. ತವರೂರಿನ ಅಂಗನವಾಡಿಯಲ್ಲಿ ಮಕ್ಕಳಿಗೆ ಕಲಿಸುತ್ತ, ಅಣ್ಣನ ಅಡುಗೆಮನೆಯ ಒಂದು ಮೂಲೆಯಲ್ಲಿ ಹಾಸಿಗೆ ಹಾಸಿಕೊಂಡು ಆಯುಷ್ಯ ಕಳೆದಳು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಆ ಹಾಸಿಗೆ ಸುತ್ತಿಡಬೇಕು. ಇಲ್ಲದಿದ್ದರೆ ಒಲೆಯ ಹತ್ತಿರ ಹೋಗಲು ಯಾರಿಗೂ ದಾರಿಯಿಲ್ಲ.

ಹೊಸ ಖೋಲಿಯಲ್ಲಿ ತನಗೇನು ಬೇಕೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೂ ಮೊದಲು ಗಣೇಶಗುಡಿಯ ಒಂದು ಹೋಮ್‌ಸ್ಟೇಯಲ್ಲಿ ನಮ್ಮ ಸಂಬಂಧಿಕರ ನಿಶ್ಚಿತಾರ್ಥ ನಡೆದಿತ್ತು. ಹೆಂಗಸರಿಗೆ ಸೀರೆ ಬದಲಿಸಲು ಕೊಟ್ಟ ಮೇಲಿನ ಖೋಲಿಯಲ್ಲಿ ಕಿಟಕಿಯ ಜಾಗದಲ್ಲಿ ನೆಲದವರೆಗೂ ಇಳಿದ ಜೋಡಿ ಬಾಗಿಲಿತ್ತು. ಅದನ್ನು ಒಳಕ್ಕೆ ತೆರೆದರೆ ಹೊರಗೆ ಸೊಂಟದೆತ್ತರದ ಕಬ್ಬಿಣದ ಕಂಬಿ ಮಾತ್ರ, ಕಾಲಿಡಲು ಜಾಗವಿಲ್ಲ. ಅಕ್ಕ ಅದರ ಮುಂದೆ ನೆಲದ ಮೇಲೆ ಕೂತುಬಿಟ್ಟಿದ್ದಳು. ಕೆಳಗೆ ನದಿಯಲ್ಲಿ ರಾಫ್ಟಿಂಗ್‌ಗೆ ಹೊರಟವರು ಜೀಪಿನಿಂದ ಇಳಿಯುವುದು, ಹೆಲ್ಮೆಟ್ ಹಾಕಿಕೊಳ್ಳಲು ಒದ್ದಾಡುವುದು, ಎಲ್ಲ ನೋಡುತ್ತ ಒಬ್ಬಳೇ ನಗುತ್ತಿದ್ದಳು. ಊಟಕ್ಕೆ ಕರೆದರೆ ಮೂರು ಸಲ "ಬಂದೆ" ಅಂದಳು, ಬರಲಿಲ್ಲ.

ಹಳಿಯಾಳದ ಗೌಂಡಿಯೊಬ್ಬರು ಬಂದು ಅಟ್ಟದ ಗೋಡೆಗೆ ಅಳತೆಪಟ್ಟಿ ಹಿಡಿದಾಗ ಅಕ್ಕ ಆ ಬಾಗಿಲನ್ನೇ ವರ್ಣಿಸಿದಳು. ಗೌಂಡಿ ಗೋವಾದಲ್ಲಿ ಕೆಲವು ವರ್ಷ ಕೆಲಸ ಮಾಡಿ ಬಂದಿದ್ದರು.

"ಅದಕ್ಕ ಅಲ್ಲಿ ಜೂಲಿಯೆಟ್ ಬಾಲ್ಕನಿ ಅಂತಾರ್ರಿ. ಮಾಡಾಕ ಬರತೈತಿ, ಗ್ವಾಡಿ ಗಟ್ಟಿ ಐತಿ," ಅಂದರು.

"ಹೆಸರ ಏನರೆ ಇರಲಿ. ನನಗ ಅದ ಇರಲಿ."

ಬೇಡ ಅಂದವಳು ನಾನು. ಮಳೆಗಾಲದ ನಾಲ್ಕು ತಿಂಗಳು ಎರಚಲು ಹೊಡೆಯುವುದು ಆ ಗೋಡೆಗೇ. ಮಂಗಗಳ ಕಾಟ ಬೇರೆ.

"ಹೊರಗ ನಿಂದ್ರಾಕ ಜಾಗಾನ ಇಲ್ಲ, ಅಕ್ಕಾ. ಅದೇನ ಬಾಲ್ಕನಿ? ಒಂದ ಅರಿವಿ ಒಣಾ ಹಾಕಾಕೂ ಬರೂದಿಲ್ಲ."

"ನಿಂದ್ರಾಕಲ್ಲವಾ. ಮಕ್ಕೊಂಡಲ್ಲಿಂದ ಕಾಣಬೇಕು."

"ಕಿಟಕಿಯಿಂದನೂ ಕಾಣತೈತಿ. ಚಲೋ ದೊಡ್ಡ ಕಿಟಕಿ ಇಡಸ್ತೀನಿ."

ಅಕ್ಕ ಗೌಂಡಿಯ ಕಡೆ ತಿರುಗಿ, "ಆಕಿ ಹೇಳಿದಂಗ ಮಾಡ್ರಿ" ಅಂದಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಎಚ್ಚರಾಗುತ್ತಿದ್ದೆನೋ ಏನೋ.

ಕಿಟಕಿ ನೆಲದಿಂದ ಮೂರು ಅಡಿ ಮೇಲೆ ಬಂತು. ಹಂಚಿನ ಇಳಿಜಾರಿನ ಕೆಳಗೆ ಮಂಚ ಹಾಕಿದರೆ ಎದ್ದಾಗ ತಲೆ ಬಡಿಯುತ್ತದೆಂದು ಅಕ್ಕ ಎಂದಿನಂತೆ ನೆಲದ ಮೇಲೆಯೇ ಗಾದಿ ಹಾಸಿಕೊಂಡಳು. ಮೊದಲ ವರ್ಷ ಏನೂ ತೊಂದರೆ ಕಾಣಲಿಲ್ಲ. ಬೇಕೆಂದಾಗ ಎದ್ದು ಕಿಟಕಿಗೆ ಮೊಣಕೈ ಊರಿ ನಿಲ್ಲುತ್ತಿದ್ದಳು. ಬೆಳಿಗ್ಗೆ ಎಷ್ಟು ಹೊತ್ತಾದರೂ ಹಾಸಿಗೆ ಸುತ್ತುತ್ತಿರಲಿಲ್ಲ. ಅದನ್ನು ನೋಡಿ ನನಗೆ ಸಂತೋಷವಾಗುತ್ತಿತ್ತು. ಒಮ್ಮೆ ಕೇಳಿಯೂ ಬಿಟ್ಟೆ: "ನೋಡ, ಕಿಟಕಿನ ಚಲೋ ಆತಲ್ಲ?"

"ಹೂಂ, ಚಲೋ ಐತಿ," ಅಂದಳು.

ಮರುವರ್ಷ ಸಂಕ್ರಾಂತಿ ಕಳೆದ ಮೇಲೆ ಅವಳಿಗೆ ಬೆನ್ನುನೋವು ಶುರುವಾಯಿತು. ಎಣ್ಣೆ ತಿಕ್ಕಿದೆ, ಶಾಖ ಕೊಟ್ಟೆ. ಹುಬ್ಬಳ್ಳಿಗೆ ಕರೆದೊಯ್ಯುವಷ್ಟರಲ್ಲಿ ಕ್ಯಾನ್ಸರು ಎಲುಬಿಗೆ ಇಳಿದಿತ್ತು. ಡಾಕ್ಟರು ನನ್ನನ್ನೂ ಯಜಮಾನರನ್ನೂ ಹೊರಗೆ ಕರೆದು, ಇನ್ನು ಕೆಲವೇ ತಿಂಗಳು, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಅಂದರು. ಕೆಳಗಿನ ಖೋಲಿಯಲ್ಲಿ ಮಲಗಿಸಿದೆವು. ಮೂರನೆಯ ದಿನ, "ನನ್ನ ಖೋಲಿಗೆ ಒಯ್ಯಿರಿ" ಅಂದಳು. ಹುಟ್ಟಿದ ಮೇಲೆ ಅವಳ ಬಾಯಿಂದ "ನನ್ನ ಖೋಲಿ" ಎಂಬ ಮಾತು ಕೇಳಿದ್ದು ಅದೇ ಮೊದಲು. ಯಜಮಾನರು ಮತ್ತೊಬ್ಬರನ್ನು ಕರೆದು, ಅವಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಹೊತ್ತೊಯ್ದರು.

ಗಾದಿಯ ಮೇಲೆ ಮಲಗಿದವಳಿಗೆ ಆ ಕಿಟಕಿಯಿಂದ ಕಾಣುತ್ತಿದ್ದದ್ದು ಒಂದು ತುಂಡು ಆಕಾಶ, ಎದುರುಮನೆಯ ಹಂಚಿನ ಮೇಲಿನ ಡಿಶ್ ಆಂಟೆನಾ. ವಾರದೊಳಗೆ ಎದ್ದು ಕೂರಲೂ ಬೆನ್ನು ಬಿಡದಂತಾಯಿತು. ಒಂದು ಸಂಜೆ ನನ್ನ ಸೆರಗು ಹಿಡಿದು, "ಕೆಳಗ ಯಾರ ಹೊಂಟಾರ? ನೋಡಿ ಹೇಳ," ಅಂದಳು. ನಾನು ಕಿಟಕಿಗೆ ನಿಂತು ಹೇಳತೊಡಗಿದೆ.

"ಮೀನಿನಾಕಿ ಬುಟ್ಟಿ ಇಳಿಸ್ಯಾಳ. ಎದುರುಮನಿಯಾಕಿ ಚೌಕಾಶಿ ಮಾಡಾಕತ್ಯಾಳ."

"ಯಾವ ಸೀರಿ ಉಟ್ಟಾಳ?"

"ಹಸರು."

"ಮತ್ತ?"

ದಿನಾಲೂ ಇದೇ ಆಯಿತು. ಫ್ಯಾಕ್ಟರಿಯ ಪಾಳಿ ಬಿಟ್ಟು ಸೈಕಲ್ಲು, ಬೈಕು ಬರುವುದು, ಟ್ಯೂಷನ್ನಿನ ಹುಡುಗಿಯರು, ನಾಯಿಗೆ ಹೆದರಿ ದಾರಿ ಬದಲಿಸುವ ಪೋಸ್ಟಮನ್, ನನಗೆ ಕಂಡದ್ದನ್ನೆಲ್ಲ ಹೇಳುತ್ತಿದ್ದೆ. ಅಂಗನವಾಡಿಯ ಮಕ್ಕಳನ್ನು ಮಾತಾಡಿಸುವ ಹಾಗೆ ಅವಳು "ಮತ್ತ?" "ಮತ್ತ?" ಅನ್ನುತ್ತಿದ್ದಳು.

ಒಂದು ದಿನ ನನಗೆ ಸಾಕಾಗಿತ್ತು. ಬೆಳಗಿನಿಂದ ಅವಳನ್ನು ಒರೆಸಿ, ಹಾಸಿಗೆ ಬದಲಿಸಿ, ಬಟ್ಟೆ ಒಗೆದು, ಅವಳ ಕಾಲ ಬುಡದಲ್ಲಿ ಗೋಡೆಗೆ ಒರಗಿದ್ದೆ. "ಯಾರ ಅದಾರ ನೋಡ" ಅಂದಾಗ, ಕೂತಲ್ಲಿಂದಲೇ "ಯಾರೂ ಇಲ್ಲಕ್ಕಾ" ಅಂದುಬಿಟ್ಟೆ. ಅದೇ ಹೊತ್ತಿಗೆ ಓಣಿಯಲ್ಲಿ ನಾಲ್ಕೈದು ಹುಡುಗಿಯರು ಜೋರಾಗಿ ನಕ್ಕರು. ಅಕ್ಕ ಕಣ್ಣು ಮುಚ್ಚಿಕೊಂಡಳು. ಆ ದಿನ ಮತ್ತೇನೂ ಕೇಳಲಿಲ್ಲ. ಮರುದಿನವೂ ಕೇಳಲಿಲ್ಲ. ಮೂರನೆಯ ದಿನ ನಾನಾಗಿಯೇ ಕಿಟಕಿಗೆ ನಿಂತು ಹೇಳಲು ಹೋದರೆ, ಸ್ವಲ್ಪ ಕೇಳಿಸಿಕೊಂಡು, "ಸಾಕವಾ. ನಿಂತ ನಿಂತ ನಿನ್ನ ಕಾಲ ನೋಯ್ತಾವ" ಅಂದಳು.

ಕೆಳಗೆ ಬಂದು, ಅಕ್ಕ ಕೇಳಿದ ಬಾಗಿಲನ್ನು ಈಗಲಾದರೂ ಇಡಿಸಬೇಕೆಂದು ಗೌಂಡಿಗೆ ಫೋನ್ ಮಾಡಿದೆ. ಅವರು ಬಂದರು, ಗೋಡೆ ನೋಡಿದರು, ಹೊರಗೆ ಸುರಿಯುತ್ತಿದ್ದ ಮಳೆ ನೋಡಿದರು. "ಈಗ ಒಡದರ ನೀರೆಲ್ಲಾ ಅಕ್ಕಾರ ಮ್ಯಾಲ ಬರತೈತ್ರಿ. ದಸರಾ ಮುಗಿಲಿ, ನಾನ ಬರ್ತೇನಿ." ನಾನು ಬಿಡಲಿಲ್ಲ, ಏನಾದರೂ ಮಾಡಿ ಅಂದೆ. ಹಾಸಿಗೆಯಿಂದ ಅಕ್ಕನೇ ಹೇಳಿದಳು: "ಅವರ ಹೇಳೂದ ಖರೆ ಐತಿ. ಮಳಿ ನಿಲ್ಲಲಿ."

ಶ್ರಾವಣದ ಒಂದು ಮಧ್ಯಾಹ್ನ ಅವಳು ಹೋದಳು. ನಾನು ಗಂಜಿ ತರಲು ಕೆಳಗಿಳಿದಿದ್ದೆ.

ಗೌಂಡಿಗೆ ತಿಳಿಸಬೇಕೆಂದು ನನಗೆ ಹೊಳೆಯಲೇ ಇಲ್ಲ. ದಸರಾ ಮುಗಿದ ವಾರವೇ ಅವರು ಸಾಮಾನು ತೆಗೆದುಕೊಂಡು ಬಂದು ಬಾಗಿಲಲ್ಲಿ ನಿಂತರು. ಹೇಳಿದೆ. ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟರು. "ಅವತ್ತ ಮಳಿಗೆ ಅಡ್ಡ ತಾಡಪತ್ರಿ ಕಟ್ಟಿ ಒಡೀಬೇಕಿತ್ರಿ ನಾ," ಅಂದರು. ನಿಮ್ಮದೇನೂ ತಪ್ಪಿಲ್ಲ, ಮೊದಲು ಬೇಡ ಅಂದವಳು ನಾನು, ಅಂದೆ. ಚಹಾ ಕುಡಿದು ಅವರು ಏಳುವಾಗ ಯಜಮಾನರು, "ಬಂದಾರ, ಮಾಡ್ಲಿ" ಅಂದರು.

ನಾಲ್ಕು ದಿನದಲ್ಲಿ ಕೆಲಸ ಮುಗಿಯಿತು. ಐದನೆಯ ಬೆಳಿಗ್ಗೆ ಬಾಗಿಲು ತೆರೆದು, ಗಾದಿ ಹಾಸುತ್ತಿದ್ದ ಜಾಗದಲ್ಲಿ ಕೂತೆ. ಕಂಬಿಗಳ ನಡುವೆ ಇಡೀ ಓಣಿ ಕಂಡಿತು. ಎದುರುಮನೆಯವಳು ಅಂಗಳ ಗುಡಿಸುತ್ತಿದ್ದಳು. ತಲೆಯೆತ್ತಿ ನನ್ನನ್ನು ನೋಡಿ ಕಸಬರಿಗೆ ಹಿಡಿದುಕೊಂಡೇ ನಿಂತಳು.

"ಬಾಯಾರ, ಅಕ್ಕಾರ ಅಲ್ಲೇ ಮಕ್ಕೋತಿದ್ರೇನ್ರಿ?"

"ಹೂಂ, ಇಲ್ಲೇ."

"ನರಳೂದು ನಮ್ಮ ಮನಿತನಕಾ ಕೇಳತಿತ್ರಿ. ಬ್ಯಾನ್ಯಾಗ ತ್ರಾಸ ಕೊಡೂದ ಬ್ಯಾಡಂತ ಮ್ಯಾಲ ಬರಲಿಲ್ಲ. ಈಗ ನಿಮ್ಮದು ಕಂಡಂಗ ಅವರ ಮಾರಿ ಕಂಡಿದ್ರ ಇಲ್ಲಿಂದನ ದಿನಾ ಮಾತಾಡಸ್ತಿದ್ನಿರಿ."

ತಲೆ ಅಲ್ಲಾಡಿಸಿದೆ. ಅವಳು ಇನ್ನೊಂದು ಗಳಿಗೆ ಮೇಲೆ ನೋಡಿ, ಮತ್ತೆ ಗುಡಿಸತೊಡಗಿದಳು.