ಬೀಗ ಬಿದ್ದ ಪಾಠಗಳು

ಮದರಾಸಿನವರು ಕತ್ತರಿ ಎನ್ನುವ ಮೇ ತಿಂಗಳ ಉರಿಬಿಸಿಲಿನಲ್ಲಿ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿಕೊಂಡು, ಇತಿಹಾಸದ ಪುಸ್ತಕವೊಂದನ್ನು ಗಟ್ಟಿಯಾಗಿ ಓದಿ ನೋಡಿ. ಎರಡನೇ ಪುಟಕ್ಕೆ ಬರುವ ಹೊತ್ತಿಗೆ ಯಾವ ಚಕ್ರವರ್ತಿಯ ಮೇಲೂ ಪ್ರೀತಿ ಉಳಿದಿರುವುದಿಲ್ಲ. ವಿಮಾ ಕಚೇರಿಯಿಂದ ನಿವೃತ್ತಳಾದ ಮೇಲೆ ನಾನು ಇದನ್ನೇ ಮಾಡಿಕೊಂಡಿದ್ದೆ. ವೆಸ್ಟ್ ಮಾಂಬಲಂನ ನಮ್ಮ ಫ್ಲ್ಯಾಟಿನ ಒಳಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು, ಕಣ್ಣು ಕಾಣದ ಒಬ್ಬ ಹುಡುಗಿಗಾಗಿ ಅವಳ ಬಿ.ಎ. ಪಾಠಗಳನ್ನು ಓದಿ ಧ್ವನಿಮುದ್ರಿಸುತ್ತಿದ್ದೆ. ಫ್ಯಾನ್ ತಿರುಗಿದರೆ ಅದರ ಗರಗರವೇ ನನ್ನ ದನಿಗಿಂತ ಚೆನ್ನಾಗಿ ಕೇಳಿಸುತ್ತಿತ್ತು. ಹಾಗಾಗಿ ಫ್ಯಾನ್ ಇಲ್ಲ, ಬರೀ ಬೆವರು.

ಹುಡುಗಿಯ ಮನೆ ಮಾಧವರಂನಲ್ಲಿ. ಅವಳಪ್ಪ ಹಾಲಿನ ವ್ಯಾನ್ ಓಡಿಸುತ್ತಿದ್ದರು. ಭಾನುವಾರ ಅವಳು ಒಬ್ಬಳೇ ಬಸ್ಸಿನಲ್ಲಿ ಟಿ. ನಗರಕ್ಕೆ ಬಂದು, ಬಿಳಿ ಕೋಲು ತಟ್ಟಿಕೊಂಡು ಮಾಂಬಲಂ ಸ್ಟೇಷನ್ನಿನ ಸೇತುವೆ ಹತ್ತಿಳಿದು ನಮ್ಮ ಮನೆ ಸೇರುತ್ತಿದ್ದಳು. ಹಬ್ಬದ ದಿನಗಳಲ್ಲಿ ಆ ಸೇತುವೆಯ ಮೇಲೆ ಕಣ್ಣಿದ್ದ ನಾನೇ ದಾರಿ ತಪ್ಪಿದ್ದುಂಟು. ಪಾಠಗಳನ್ನು ತನ್ನ ಫೋನಿಗೆ ಹಾಕಿಸಿಕೊಂಡು ಹೋಗುವಳು. ಫೋನಿನಲ್ಲಿ ಜಾಗ ಸಾಲದು, ಒಂದು ಪುಸ್ತಕ ಕೇಳಿ ಮುಗಿಸಿ ಅದನ್ನು ಅಳಿಸಿದ ಮೇಲೆಯೇ ಇನ್ನೊಂದು. ಪರೀಕ್ಷೆಯ ಮುಂಚೆ ಎಲ್ಲವನ್ನೂ ಮತ್ತೆ ನಮ್ಮ ಕಂಪ್ಯೂಟರಿನಿಂದಲೇ ತೆಗೆದುಕೊಳ್ಳಬೇಕಿತ್ತು.

ನನ್ನ ಓದನ್ನು ಅವಳು ದುಪ್ಪಟ್ಟು ವೇಗದಲ್ಲಿ ಕೇಳುತ್ತಿದ್ದಳು. ಒಮ್ಮೆ ನನಗೂ ಕೇಳಿಸಿದಳು. ಅಳಿಲು ಭಾಷಣ ಮಾಡಿದ ಹಾಗಿತ್ತು. "ಆಂಟಿ, ನಿಮ್ಮ ಕುಕ್ಕರ್ ಕೂಗಿದ ಕೂಡಲೇ ಫ್ರೆಂಚ್ ಕ್ರಾಂತಿ ಶುರು. ಕೀರೆಕ್ಕಾರಮ್ಮ ಸೊಪ್ಪು ಮಾರಿಕೊಂಡು ಹೋದ ಮೇಲೆ ರಾಜನ ತಲೆ ಹೋಗುತ್ತೆ," ಎಂದು ನಗುತ್ತಿದ್ದಳು. ಅವಳ ಮಾತೆಲ್ಲ ತಮಿಳು. ಮಂಡ್ಯ ಕಡೆಯ ನನ್ನ ನಾಲಿಗೆಗೆ ಇಷ್ಟು ವರ್ಷವಾದರೂ ತಮಿಳು ಪೂರ್ತಿ ಒಗ್ಗಿಲ್ಲ. ಹಣ್ಣಿಗೆ ನಾನು 'ಪಳಂ' ಎಂದರೆ, ತಮಿಳಿನದಲ್ಲದ ನನ್ನ ಳಕಾರಕ್ಕೆ ಅವಳು ಹಣೆ ಚಚ್ಚಿಕೊಳ್ಳುವಳು.

ಅದು ಅವಳ ಕೊನೆಯ ವರ್ಷ. ಅಂಚೆ ಶಿಕ್ಷಣದ ಪರೀಕ್ಷೆ ಜೂನಿನಲ್ಲಿ. ಪಾಸಾದರೆ ಅದೇ ವರ್ಷ ಬಿ.ಎಡ್. ಸೇರಿ ಟೀಚರ್ ಆಗುವ ದಾರಿ ಹಿಡಿಯಬಹುದು. ಕಾಲೇಜೊಂದು ಸೀಟು ಕೊಡಲು ಒಪ್ಪಿತ್ತು, ಡಿಗ್ರಿ ಕೈಗೆ ಬಂದಿರಬೇಕು ಅಷ್ಟೇ.

ಮೇ ತಿಂಗಳ ಒಂದು ಶನಿವಾರ ಬೆಳಿಗ್ಗೆ ಕಂಪ್ಯೂಟರ್ ಹಾಕಿದೆ. ಪರದೆಯ ತುಂಬ ಕೆಂಪು ಡಬ್ಬಿ. ಪಕ್ಕದಲ್ಲಿ ಹಿಂದಕ್ಕೆ ಓಡುವ ಗಡಿಯಾರ. ನಿಮ್ಮ ಫೈಲುಗಳಿಗೆಲ್ಲ ಬೀಗ ಹಾಕಿದ್ದೇವೆ, ಬೀಗದ ಕೈ ಬೇಕಾದರೆ ದುಡ್ಡು ಕೊಡಿ ಎಂದು ಬಹಳ ಮರ್ಯಾದೆಯ ಇಂಗ್ಲಿಷಿನಲ್ಲಿ ಬರೆದಿತ್ತು. ನಮ್ಮ ಯಜಮಾನರನ್ನು ಕೂಗಿದೆ. ಅವರು ತಾಂಬರಂ ಕಡೆಯ ಸ್ಟೇಷನ್ನುಗಳಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದವರು, ಯಾವ ಗಲಾಟೆಗೂ ಜಗ್ಗದ ಆಸಾಮಿ. ಅಷ್ಟರಲ್ಲಿ ಟಿ.ವಿ.ಯಲ್ಲೂ ಅದೇ ಸುದ್ದಿ. ಲೋಕದ ತುಂಬ ಇದೇ ಕೆಂಪು ಡಬ್ಬಿಯಂತೆ. ಎಲ್ಲೆಲ್ಲೋ ಆಸ್ಪತ್ರೆಗಳಲ್ಲಿ ಆಪರೇಷನ್ ನಿಂತಿದೆಯಂತೆ, ಕಾರ್ಖಾನೆಗಳು ಮುಚ್ಚಿವೆಯಂತೆ. ಇಡೀ ಭೂಮಂಡಲವನ್ನು ದೋಚಲು ಹೊರಟವರಿಗೆ ನಮ್ಮ ಒಳಕೋಣೆಯೂ ಬೇಕಾಯಿತೆ ಎಂದು ನನಗೆ ಮೈಯೆಲ್ಲ ಉರಿಯಿತು.

ಕಂಪ್ಯೂಟರ್ ಜೋಡಿಸಿಕೊಟ್ಟ ಅಂಗಡಿಯವನು ಬಂದು ನೋಡಿದ. "ಅಪ್‌ಡೇಟ್ ಹಾಕ್ತಾ ಇರಲಿಲ್ಲವಾ ಮೇಡಂ?" ಎಂದ. ಎಲ್ಲಿ ಹಾಕುವುದು? ಆ ಅಪ್‌ಡೇಟ್ ಎಂಬುದು ನಾನು ಓದುವಾಗ ಸರಿಯಾಗಿ ನಡುವೆ ಟಿಂಗ್ ಎನ್ನುತ್ತಿತ್ತು. ಒಮ್ಮೆಯಂತೂ ಪಾಠದ ಮಧ್ಯದಲ್ಲೇ ಕಂಪ್ಯೂಟರ್ ತಾನಾಗಿ ಆರಿ ಹೊತ್ತಿಕೊಂಡು, ಇಡೀ ಮಧ್ಯಾಹ್ನದ ಓದು ನೀರಿನಲ್ಲಿ ಹೋಮ ಮಾಡಿದಂತಾಗಿತ್ತು. ಅಂದಿನಿಂದ ಪಾಠ ಕೆಡಬಾರದೆಂದು ಅದನ್ನು ಪೂರ್ತಿ ನಿಲ್ಲಿಸಿಬಿಟ್ಟಿದ್ದೆವು. ಪಾಠಗಳ ಇನ್ನೊಂದು ಪ್ರತಿ ಪೆನ್ ಡ್ರೈವಿನಲ್ಲಿತ್ತು. ಭಾನುವಾರ ಹುಡುಗಿಗೆ ಕೊಡಲು ಸುಲಭವಾಗಲಿ ಎಂದು ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿಯೇ ಇಟ್ಟಿದ್ದೆವು. ಅದಕ್ಕೂ ಬೀಗ ಬಿದ್ದಿತ್ತು. ದುಡ್ಡು ಕೊಟ್ಟರೂ ಬೀಗದ ಕೈ ಬರುತ್ತದೆಂಬ ನಂಬಿಕೆ ಇಲ್ಲ, ಹೋದದ್ದು ಹೋಯಿತು ಎಂದು ಹೇಳಿ ಅವನು ಕಾಫಿ ಕುಡಿದು ಹೊರಟ.

ಆ ವಾರ ಬೀದಿಯಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಎ.ಟಿ.ಎಂ.ಗೆ ಕಾರ್ಡ್ ಹಾಕಬೇಡಿ, ವಾಟ್ಸಾಪಿನಲ್ಲಿ ಬಂದ ಕುಣಿಯುವ ಚಿತ್ರ ಒತ್ತಬೇಡಿ ಎನ್ನುವ ಎಚ್ಚರಿಕೆಗಳು ವಾಟ್ಸಾಪಿನಲ್ಲೇ ಬಂದವು. ಮಹಡಿ ಮನೆಯ ಮಾಮಿ ತಮ್ಮ ಫೋನನ್ನು ಆರಿಸಿ ಸ್ಟೀಲ್ ಡಬ್ಬದಲ್ಲಿಟ್ಟು ಮುಚ್ಚಳ ಬಿಗಿದರು. ಯಜಮಾನರು ಮೈಸೂರಿನ ರೈಲಿನ ಟಿಕೆಟ್ಟಿಗೆ ಹೋಗಿ ಕೌಂಟರಿನ ಕ್ಯೂನಲ್ಲಿ ನಿಂತು ಬಂದರು. "ಎಷ್ಟು ನೆಮ್ಮದಿ ಗೊತ್ತೇನೇ? ಕೈಗೆ ಕಾಗದ ಕೊಟ್ಟರು," ಎಂದು ಟಿಕೆಟ್ಟನ್ನು ಪ್ರಸಾದದ ಹಾಗೆ ತೋರಿಸಿದರು. ಆಮೇಲೆ ಕಂಪ್ಯೂಟರಿಗೆ ಹಳೇ ಬೆಡ್‌ಶೀಟ್ ಹೊದಿಸಿ, "ಇನ್ನು ಈ ಶನಿ ಮನೆಯೊಳಗೆ ಬೇಡ. ಗುಜರಿಯವನಿಗೆ ಹಾಕೋಣ," ಎಂದರು. ನಾನೂ ಹೂಂ ಎಂದೆ. ಸಿಟ್ಟಿನಲ್ಲಿ ನಾನು ಅವರಿಗಿಂತ ಒಂದು ಕೈ ಮೇಲು.

ಒಂದು ವಾರ ತಪ್ಪಿಸಿ, ಅದರ ಮುಂದಿನ ಭಾನುವಾರ ಹುಡುಗಿ ಬಂದಳು. ಮಜ್ಜಿಗೆ ಕೊಟ್ಟು, ನಡೆದದ್ದೆಲ್ಲ ಹೇಳಿದೆ. ಲೋಟವನ್ನು ಹಾಗೇ ಕೆಳಗಿಟ್ಟಳು. ನಾನೇ ಸಮಾಧಾನಕ್ಕೆ ಮಾತು ಹೂಡಿದೆ. "ಯೋಚನೆ ಮಾಡಬೇಡ. ಪರೀಕ್ಷೆಯವರೆಗೆ ನಮ್ಮ ಮನೆಯಲ್ಲೇ ಇರು. ನಾನು ಎದುರಿಗೆ ಕೂತು ಓದುತ್ತೇನೆ. ಈ ಕಂಪ್ಯೂಟರ್ ಸಹವಾಸವೇ ಬೇಡ. ಇದೆಲ್ಲ ಇಲ್ಲದೆ ನಮ್ಮ ಕಾಲದಲ್ಲಿ ನಾವು ಓದಲಿಲ್ಲವಾ?"

"ನೀವು ಓದಿದಿರಿ ಆಂಟಿ," ಎಂದಳು. "ಕಂಪ್ಯೂಟರ್ ಬೇಡ ಅಂದರೆ ನಿಮಗೆ ಪುಸ್ತಕ ಇದೆ. ಅಂಕಲ್‌ಗೆ ಟಿಕೆಟ್ ಕೌಂಟರ್ ಇದೆ. ನನಗೇನಿದೆ?"

ಅವಳೇ ಮುಂದುವರಿಸಿದಳು. "ನೀವು ಎದುರಿಗೆ ಓದಿದರೆ ನಿಮಗೆ ಸುಸ್ತಾದಾಗ ನನ್ನ ಓದು ನಿಲ್ಲುತ್ತೆ. ಒಂದು ಸಾಲು ಹತ್ತು ಸಲ ಕೇಳಬೇಕು ಅಂದರೆ ಹತ್ತು ಸಲ ನಿಮ್ಮನ್ನು ಬೇಡಬೇಕು. ರೆಕಾರ್ಡಿಂಗ್ ಇದ್ದರೆ ಬಸ್ಸಿನಲ್ಲೂ ಓದುತ್ತೇನೆ, ಯಾರ ಮುಖಾನೂ ನೋಡದೆ." ಆ ಕೊನೆಯ ಮಾತಿಗೆ ತಾನೇ ಸಣ್ಣಗೆ ನಕ್ಕಳು. ನನಗೆ ನಗು ಬರಲಿಲ್ಲ. ಅವಳಿಗೆ ಭಯವಿರಲಿಲ್ಲ ಎಂದಲ್ಲ. ಮಜ್ಜಿಗೆ ಲೋಟ ಕೊಟ್ಟ ಹಾಗೇ ತುಂಬಿತ್ತು. ಆದರೆ ನಮ್ಮ ಹಾಗೆ ಮುನಿಸಿಕೊಂಡು ಕೂರಲು ಅವಳಿಗೆ ಜಾಗವೇ ಇರಲಿಲ್ಲ.

ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳಲು ಹೊರಟಿದ್ದೆವು, ಅದೂ ಬೇರೆಯವರ ಮೂಗನ್ನು. ಬೆಡ್‌ಶೀಟ್ ಎಳೆದು ಮೂಲೆಗೆಸೆದೆ. "ರೀ, ಅಂಗಡಿಯವನಿಗೆ ಫೋನ್ ಮಾಡಿ. ಎಲ್ಲಾ ಅಳಿಸಿ ಹೊಸದಾಗಿ ಹಾಕಿಕೊಡಲಿ. ಮೊದಲಿನಿಂದ ಓದುತ್ತೇನೆ."

"ಮೂರು ವರ್ಷ ಓದಿದ್ದನ್ನು ಮೂರು ವಾರದಲ್ಲಿ ಓದ್ತೀಯೇನೇ?"

"ಕೊನೆಯ ವರ್ಷದ್ದು ಸಾಕು. ಓದ್ತೀನಿ."

ಓದಿದೆ. ಬೆಳಿಗ್ಗೆ ಅಡಿಗೆ ಮುಗಿಸಿ ಕೂತರೆ ದನಿ ಒಡೆಯುವವರೆಗೂ ಓದು. ಎರಡು ಟವೆಲ್, ಒಂದು ಚೊಂಬು ಜೀರಿಗೆ ನೀರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂದು ಯಾರಾದರೂ ನಗಲಿ, ಯಜಮಾನರು ಕಾವಲು ಕೆಲಸ ವಹಿಸಿಕೊಂಡರು. ಓದುವಾಗ ಇಂಟರ್ನೆಟ್ ವೈರ್ ಕಿತ್ತು ಮೊಳೆಗೆ ನೇತುಹಾಕುವರು. ದಿನದ ಓದು ಮುಗಿದ ಮೇಲೆ ಅಪ್‌ಡೇಟ್ ಹಾಕಿ, ಪಾಠವನ್ನು ಎರಡು ಪೆನ್ ಡ್ರೈವಿಗೆ ತುಂಬಿ, ಎರಡನ್ನೂ ಕಿತ್ತು, ಒಂದನ್ನು ಬೀರುವಿನಲ್ಲೂ ಇನ್ನೊಂದನ್ನು ಮಾಮಿಯ ಮನೆಯಲ್ಲೂ ಇಡುವರು. "ಒಂದೇ ಲೈನಿನ ಮೇಲೆ ಎರಡು ಗಾಡಿ ಬಿಡಬಾರದು," ಎಂಬುದು ಅವರ ರೈಲ್ವೆ ವಿವರಣೆ. ಪೆನ್ ಡ್ರೈವ್ ಇಟ್ಟುಕೊಳ್ಳಲು ಮಾಮಿ ಮೊದಲು ಒಪ್ಪಲಿಲ್ಲ. "ಅದು ನನ್ನ ಫ್ರಿಜ್ಜಿಗೂ ಹತ್ತಿಕೊಂಡರೆ?" ಎಂದು ಕೇಳಿದರು. ಯಜಮಾನರು ತುಂಬಾ ಗಂಭೀರವಾಗಿ, ಹತ್ತಿಕೊಳ್ಳುವುದಿಲ್ಲ ಎಂದು ಮಾತು ಕೊಟ್ಟರು.

ಎರಡನೇ ವಾರ ನನ್ನ ದನಿ ಬಿದ್ದುಹೋಯಿತು. ಬರೀ ಗಾಳಿ ಬರುತ್ತಿತ್ತು. ಇ.ಎನ್.ಟಿ. ಡಾಕ್ಟರು ಒಂದು ವಾರ ಪಿಟ್ಟೆನ್ನಬಾರದು ಎಂದರು. ಮೂವತ್ತೈದು ವರ್ಷದ ಸಂಸಾರದಲ್ಲಿ ಯಜಮಾನರಿಗೆ ಅಂಥ ವಾರ ಸಿಕ್ಕಿರಲಿಲ್ಲ. ಆದರೆ ಅವರು ಆ ಸುಖ ಅನುಭವಿಸಲಿಲ್ಲ. ಪುಸ್ತಕ ಹಿಡಿದು ತಾವೇ ಒಳಗೆ ಹೋದರು. ಯುರೋಪಿನ ಯುದ್ಧಗಳು, ಒಪ್ಪಂದಗಳು, ಎಲ್ಲವೂ ಪ್ಲಾಟ್‌ಫಾರಂ ಘೋಷಣೆಯ ಧಾಟಿಯಲ್ಲಿ ಹೊರಬಂದವು. ಮಧ್ಯಾಹ್ನ ಅವರಿಗೆ ತೂಕಡಿಕೆ ಬರುತ್ತದೆಂದು ಗೊತ್ತಾಗಿ ಮಾಮಿಯೇ ಇಳಿದು ಬಂದರು. "ನನ್ನ ದನಿ ಕದ್ದುಕೊಂಡು ಹೋಗಿ ಯಾರು ಏನು ಮಾಡುತ್ತಾರೆ, ಹೇಳಿ?" ಎಂದು ತಮಗೇ ಧೈರ್ಯ ಹೇಳಿಕೊಂಡು ಮೈಕಿನ ಮುಂದೆ ಕೂತರು. ವೈರ್ ಮೊಳೆಯ ಮೇಲಿದೆಯೆ ಎಂದು ತಿರುತಿರುಗಿ ನೋಡಿಕೊಂಡೇ ಓದಿದರು.

ಎಲ್ಲರೂ ಸೇರಿ ಉರುಳಿಸಿದರೂ ಒಂದು ಪೇಪರು ಉಳಿದುಹೋಯಿತು. ಆರ್ಥಿಕ ಇತಿಹಾಸ. ಅರ್ಧ ಪುಸ್ತಕಕ್ಕೆ ಬಂದಾಗ ಪರೀಕ್ಷೆಯೇ ಬಂತು. "ಪರವಾಯಿಲ್ಲೈ ಆಂಟಿ, ಹಿಂದೆ ಒಮ್ಮೆ ಕೇಳಿದ್ದೇನಲ್ಲ, ನೆನಪಿದ್ದಷ್ಟು ಬರೆಸುತ್ತೇನೆ," ಎಂದು ಅವಳು ಹೋದಳು. ಅವಳು ಹೇಳಿದ್ದನ್ನು ಬರೆಯಲು ಒಬ್ಬರನ್ನು ಕೊಡುತ್ತಾರೆ. ನೆನಪಿನಲ್ಲಿ ಇಲ್ಲದ್ದನ್ನು ಅವರು ತಾನೇ ಏನು ಬರೆದಾರು?

ಫಲಿತಾಂಶ ಬಂದ ದಿನ ಅವಳು ಫೋನ್ ಮಾಡದೆ ನೇರವಾಗಿ ಮನೆಗೇ ಬಂದಳು. ಭಾನುವಾರವೂ ಅಲ್ಲ. ಬಾಗಿಲು ತೆಗೆದಾಗಲೇ ನನಗೆ ತಿಳಿಯಿತು. "ಒಂದು ಹೋಯ್ತು ಆಂಟಿ," ಎಂದಳು. ಉಳಿದ ಎಲ್ಲದರಲ್ಲೂ ಒಳ್ಳೆಯ ಅಂಕ. ಯಜಮಾನರು ಘೋಷಿಸಿದ ಯುದ್ಧಗಳಲ್ಲಿ ಎಲ್ಲಕ್ಕಿಂತ ಹೆಚ್ಚು. ಆರ್ಥಿಕ ಇತಿಹಾಸದಲ್ಲಿ ಮಾತ್ರ ಫೇಲು. ಬಿ.ಎಡ್. ಸೀಟು ಬೇರೆಯವರ ಪಾಲಾಯಿತು. ಅವಳಪ್ಪ, ಓದಿದ್ದು ಸಾಕು, ಎಲ್ಲಾದರೂ ಟೆಲಿಫೋನ್ ಬೂತಿನ ಕೆಲಸ ಸಿಗುತ್ತಾ ನೋಡೋಣ ಎಂದರಂತೆ. ಟೆಲಿಫೋನ್ ಬೂತುಗಳೇ ಇಲ್ಲ ಅಪ್ಪ ಎಂದು ಇವಳು ಹೇಳಬೇಕಾಯಿತಂತೆ.

ನಾನು ಅತ್ತೆ. ನಾಚಿಕೆಯಿಲ್ಲದೆ ಜೋರಾಗಿ ಅತ್ತೆ. ಆ ಬೀಗ ಹಾಕಿದವನು ಯಾವ ದೇಶದವನೋ, ಎಂಥವನೋ. ನಮ್ಮಿಂದ ಅವನಿಗೆ ಒಂದು ಕಾಸೂ ಹುಟ್ಟಲಿಲ್ಲ. ಮಾಧವರಂನ ಒಂದು ಹುಡುಗಿಯ ಒಂದು ವರ್ಷ ಮಾತ್ರ ಕಿತ್ತುಕೊಂಡು ಹೋದ. ಕಿತ್ತುಕೊಂಡದ್ದು ಅವನಿಗೇ ಗೊತ್ತಿಲ್ಲ, ಎಂದೂ ಗೊತ್ತಾಗುವುದೂ ಇಲ್ಲ.

ಹುಡುಗಿ ನನ್ನ ಅಳು ಮುಗಿಯುವವರೆಗೆ ಕಾದಳು. ಆಮೇಲೆ ಚೀಲದಿಂದ ಆರ್ಥಿಕ ಇತಿಹಾಸದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು. "ಡಿಸೆಂಬರಿನಲ್ಲಿ ಮತ್ತೆ ಬರೆಯುತ್ತೇನೆ. ಅಪ್ಪನಿಗೆ ಹೇಳಿಯೇ ಬಂದಿದ್ದೇನೆ," ಎಂದಳು. "ನಿಮಗೆ ಯಾವಾಗ ಆಗುತ್ತೆ ಆಂಟಿ?"

ಆ ಬೀಗ ಹಾಕಿದವನ ಪಾಲಿಗೆ ಆಗಲೇ ಅವಳ ಒಂದು ವರ್ಷ ಹೋಗಿತ್ತು. ಅದರ ಮೇಲೆ ಇನ್ನೊಂದು ಸಂಜೆಯನ್ನೂ ಕೊಡಲು ನನಗೆ ಮನಸ್ಸಾಗಲಿಲ್ಲ. ಕಣ್ಣೊರೆಸಿಕೊಂಡು ಪುಸ್ತಕ ಕೈಗೆತ್ತಿಕೊಂಡೆ.

"ಈಗಲೇ," ಎಂದೆ.