ಕೀರ್ತನೆ ಪುಸ್ತಕದೊಳಗಿನ ಕುರಿ

ಹೊಸದು ಅಂದರೆ ನನಗೆ ಮೊದಲಿನಿಂದಲೂ ಅನುಮಾನ. ಮದುವೆಯಾಗಿ ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಬಂದವಳು, ಅಲ್ಲಿನ ಚರ್ಚಿನಲ್ಲಿ ಎಷ್ಟೋ ವರ್ಷ ಸಂಡೇ ಸ್ಕೂಲು ನಡೆಸಿದ್ದೆ. ಮಕ್ಕಳು ಚಾಪೆಯ ಮೇಲೆ ಕೂರಬೇಕು, ವಾರಕ್ಕೊಂದು ಬೈಬಲ್ ವಾಕ್ಯ ಬಾಯಿಪಾಠ ಮಾಡಿ ಒಪ್ಪಿಸಬೇಕು, ತಪ್ಪಿದವರು ನಿಂತೇ ಇರಬೇಕು. ಗಡಿಯ ಊರು, ಚರ್ಚಿನ ಭಾಷೆ ತೆಲುಗು; ಮನೆಯಲ್ಲಿ ಕನ್ನಡ ಆಡುವ ಮಕ್ಕಳು ತೆಲುಗು ವಾಕ್ಯಗಳನ್ನು ಗಿಣಿಪಾಠದಂತೆ ಒಪ್ಪಿಸುತ್ತಿದ್ದರು. ಅರ್ಥವಾಯಿತೇ ಎಂದು ನಾನು ಕೇಳಿದವಳಲ್ಲ.

ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಪಾಸ್ಟರು ಹಿಂದೂಪುರದಿಂದ ಒಬ್ಬ ಹುಡುಗಿಯನ್ನು ಕರೆಸಿದರು. ಮಕ್ಕಳಿಗೆ ಕಲಿಸುವುದಕ್ಕೆಂದೇ ತರಬೇತಿ ಪಡೆದವಳಂತೆ. ಅಂಥದ್ದೊಂದು ತರಬೇತಿ ಇದೆ ಅನ್ನುವುದೇ ನನಗೆ ಅವಮಾನ. ಅವಳು ತಂದದ್ದು ನೀಲಿ ಫ್ಲಾನೆಲ್ ಬಟ್ಟೆ ಹೊದಿಸಿದ ಒಂದು ಹಲಗೆ, ಬಿಸ್ಕತ್ತಿನ ಡಬ್ಬಿಯ ತುಂಬ ಬಣ್ಣದ ಚಿತ್ರಗಳು. ಚಿತ್ರಗಳ ಬೆನ್ನಿಗೂ ಅದೇ ಬಟ್ಟೆ ಇದ್ದುದರಿಂದ ಹಲಗೆಗೆ ಒತ್ತಿದರೆ ಸಾಕು, ನಿಲ್ಲುತ್ತಿದ್ದವು. ಜೊತೆಗೆ ಕೈ ಬೀಸಿ, ಕುಣಿದು ಹಾಡಿಸುತ್ತಿದ್ದಳು. ಎರಡೇ ಭಾನುವಾರಕ್ಕೆ ಚಾಪೆ ಸಾಲದಾಯಿತು. ನನ್ನನ್ನು ಟೀಚರಮ್ಮ ಅನ್ನುವ ಮಕ್ಕಳು ಅವಳನ್ನು ಅಕ್ಕ ಅನ್ನತೊಡಗಿದವು.

ಇದು ಪಾಠವೋ ಗೊಂಬೆಯಾಟವೋ ಎಂದು ನಾನು ಹಿಂದೆ ಕೂತು ಉರಿದುಕೊಳ್ಳುತ್ತಿದ್ದೆ. ಆ ಚಿತ್ರಗಳನ್ನು ಕಿತ್ತುಕೊಂಡರೆ ಇವಳ ಬಾಯಿಂದ ಒಂದು ಕಥೆಯೂ ಹೊರಡಲಾರದು ಎಂಬ ಗುಮಾನಿ ನನಗೆ.

ಹೊಸದಾಗಿ ಬರುತ್ತಿದ್ದವರಲ್ಲಿ ಸೆಟ್ಟೂರಿನ ಒಂದು ಹುಡುಗಿಯಿದ್ದಳು. ಕುರಿ ಕಾಯುವವರ ಮಗಳು. ಚರ್ಚಿನ ಹಿಂದಿನ ಬೀದಿಯಲ್ಲಿ ಅತ್ತೆಯ ಮನೆಯಲ್ಲಿದ್ದಳು. ನಮ್ಮ ಮತದವಳಲ್ಲ, ಕಥೆಗಾಗಿ ಬರುತ್ತಿದ್ದಳು. ಒಂದು ವಾರ ಡಬ್ಬಿಯಲ್ಲಿದ್ದ ಕುರಿಯ ಚಿತ್ರವನ್ನು ಬೆರಳಲ್ಲಿ ಸವರಿ, "ಇಷ್ಟ್ ಬೆಳ್ಳಗಿರೋ ಕುರಿ ಎಲ್ಲೈತೆ ಕಣಕ್ಕ?" ಅಂದಳು. ಅದು ತಪ್ಪಿಹೋದ ಕುರಿ, ಕಾಯುವವನು ಮಿಕ್ಕವನ್ನೆಲ್ಲ ಬಿಟ್ಟು ಅದನ್ನು ಹುಡುಕಿಕೊಂಡು ಹೋಗುತ್ತಾನೆ ಎಂದು ಅಕ್ಕ ಹೇಳಿದಳು.

"ಹಂಗ್ ಬಿಟ್ ಹೋದ್ರೆ ಮಿಕ್ಕಿದ್ದನ್ನ ತೋಳ ಹೊತ್ಕಂಡ್ ಹೋಗಲ್ವಾ?"

ಅಕ್ಕ ಕುರಿಯನ್ನು ಡಬ್ಬಿಗೆ ಹಾಕಿ ಮುಚ್ಚಿದಳು. "ಮುಂದಿನ ವಾರ ಇಡೀ ಕಥೆ ಹೇಳ್ತೀನಿ ಕಣಮ್ಮ" ಅಂದಳು. ನನಗೆ ಒಳಗೊಳಗೇ ಖುಷಿ.

ಆ ಮುಂದಿನ ಭಾನುವಾರ ನಾನು ಎಲ್ಲರಿಗಿಂತ ಮೊದಲು ಹೋಗಿ, ಡಬ್ಬಿಯಿಂದ ಕುರಿಯನ್ನು ತೆಗೆದು ನನ್ನ ಕೀರ್ತನೆ ಪುಸ್ತಕದೊಳಗೆ ಇಟ್ಟುಕೊಂಡೆ. ಈಗ ಹೇಳಲಿ ನೋಡೋಣ ಎಂದು.

ಅಕ್ಕ ಡಬ್ಬಿ ತೆರೆದಳು, ತಡಕಿದಳು, ಚಿತ್ರಗಳನ್ನೆಲ್ಲ ಚಾಪೆಗೆ ಸುರಿದಳು. ಕುರಿಯಿಲ್ಲ. ಒಬ್ಬ ಹುಡುಗ ಎದ್ದು, "ಆ ಸೆಟ್ಟೂರು ಅಮ್ಮಾಯೇ ತಗಂಡಿರ್ತಾಳೆ ಅಕ್ಕ, ಅವತ್ತು ಮುಟ್ಟಿ ಮುಟ್ಟಿ ನೋಡ್ತಿದ್ಳು" ಅಂದ. ಮಕ್ಕಳೇ ಅವಳ ಸಂಚಿ ಕೊಡವಿದರು. ಬಳಪದ ಚೂರು, ನಾಲ್ಕು ಹುಣಸೆಬೀಜ ಬಿದ್ದವು. "ನಾನ್ ತಗಂಡಿಲ್ಲ, ನಮ್ಮವ್ವನಾಣೆ" ಅನ್ನುತ್ತ ಅವಳು ಅತ್ತಳು. ಪುಸ್ತಕ ನನ್ನ ಕಂಕುಳಲ್ಲೇ ಇತ್ತು. ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಅಕ್ಕ ಕುರಿಯಿಲ್ಲದೆಯೇ ಕಥೆ ಹೇಳಿದಳು. ಚೆನ್ನಾಗಿಯೇ ಹೇಳಿದಳು.

ಕೊನೆಗೆ ಹಾಡಲು ಪುಸ್ತಕ ತೆರೆದಾಗ ಕುರಿ ಜಾರಿ ಬಿತ್ತು, ನನ್ನ ಪಕ್ಕ ಕೂತಿದ್ದ ಆ ಹುಡುಗಿಯ ಮಡಿಲಿಗೇ. ಬೇರೆ ಯಾರೂ ನೋಡಲಿಲ್ಲ. ಅವಳು ನನ್ನ ಮುಖ ನೋಡಿದಳು. ದೊಡ್ಡವರು ಏನಾದರೂ ಹೇಳಿಯಾರು ಎಂದು ಕಾಯುವ ನೋಟ ಅದು. ನಾನು ಕಣ್ಣು ತಪ್ಪಿಸಿ ದನಿ ಎತ್ತರಿಸಿ ಹಾಡಿದೆ. ಅವಳು ಎದ್ದು ಹೋಗಿ ಕುರಿಯನ್ನು ಹಲಗೆಗೆ ಒತ್ತಿದಳು. "ನೋಡ್ದಾ, ಅವಳತ್ರಾನೇ ಇತ್ತು" ಅಂದರು ಮಕ್ಕಳು. ಅಕ್ಕ ಅವಳ ತಲೆ ಸವರಿ, "ವಾಪಸ್ ಕೊಟ್ಯಲ್ಲ, ದೇವರು ಕ್ಷಮಿಸ್ತಾನೆ ಬಿಡು" ಅಂದಳು. ಹುಡುಗಿ ನನ್ನ ಹೆಸರು ಎತ್ತಲಿಲ್ಲ.

ಮುಂದಿನ ವಾರ ಅವಳು ಬರಲಿಲ್ಲ. ವಿಚಾರಿಸಿದರೆ ಅತ್ತೆ, "ಕಳ್ಳಿ ಅನ್ನಿಸ್ಕಂಡ್ ಮೇಲೆ ಇಲ್ಲಿಟ್ಕಂಡ್ ಏನ್ ಮಾಡ್ಲಿ ಟೀಚರಮ್ಮ? ಊರಿಗೆ ಕಳಿಸ್ಬುಟ್ಟೆ" ಅಂದಳು. ಆಗಲೂ ನಾನು ತಲೆಯಾಡಿಸಿ ಬಂದೆ. ಇವತ್ತಿಗೂ ನೆನೆದರೆ ನಾಚಿಕೆಯಾಗುತ್ತದೆ.

ಅಕ್ಕ ಮದುವೆಯಾಗಿ ಹೋದ ಮೇಲೆ ಆ ಹಲಗೆ, ಡಬ್ಬಿ ನನ್ನ ಪಾಲಿಗೇ ಬಂದವು. ಅದೇ ಕುರಿಯನ್ನಿಟ್ಟು ಅದೇ ಕಥೆಯನ್ನು ನಾನೂ ವರ್ಷಗಟ್ಟಲೆ ಹೇಳಿದೆ. ಕಾಯುವವನು ಹುಡುಕಿಕೊಂಡು ಹೊರಟ ಅನ್ನುವಲ್ಲಿ ಪ್ರತಿ ಸಲವೂ ಕಣ್ಣು ಕಿಟಕಿಯಾಚೆಗೆ ಹೋಗುತ್ತಿತ್ತು. ಸೆಟ್ಟೂರಿನ ಬಸ್ಸು ನಮ್ಮ ಚರ್ಚಿನ ಮುಂದೆಯೇ ನಿಲ್ಲುತ್ತಿತ್ತು. ನಾನು ಒಂದು ದಿನವೂ ಹತ್ತಲಿಲ್ಲ.