ಅತ್ತೆಯ ಕಿವಿ, ಸೊಸೆಯ ಮೈಕು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಂಗಡಿಯ ಶಟರ್ ಅರ್ಧ ಎತ್ತಿ ಒಳಗೆ ನುಸುಳಿದ ಅತ್ತೆ ಆಗಲೇ ಒಂದು ಸ್ಪೀಕರಿನ ಹರಿದ ಕಾಗದದ ಕೋನನ್ನು ಚೌಕಟ್ಟಿನಿಂದ ಬಿಡಿಸುತ್ತಿದ್ದಾರೆ. ಬೀದಿಯ ಗದ್ದಲ ಶುರುವಾದರೆ ಸದ್ದು ಪರೀಕ್ಷಿಸಲು ಆಗುವುದಿಲ್ಲ. ಅದಕ್ಕೇ ಈ ಹೊತ್ತು. ಹಳೆಯ ಅಂಟು ಕೆರೆದು, ಹೊಸ ಕೋನು ಕೂರಿಸಿ, ಎರಡು ಬೆರಳಿನಿಂದ ಮೆಲ್ಲಗೆ ಒತ್ತುತ್ತಾರೆ. ಒಳಗಿನ ತಂತಿಯ ಸುರುಳಿ ಎಲ್ಲೂ ತಾಗದೆ ಆಡಬೇಕು. ಕೂದಲೆಳೆಯಷ್ಟು ತಾಗಿದರೂ ಮತ್ತೆ ಮೊದಲಿಂದ.

ಸೊಸೆ ಕರೆಯುವುದನ್ನು ಕೇಳಿ ಕೇಳಿ ಇಡೀ ಬೀದಿಗೇ ಇವರು ಅತ್ತೆ. ಗಂಡ ತೀರಿಕೊಂಡಾಗ ಅಂಗಡಿ ಮಾರಿಬಿಡು ಎಂದವರೇ ಎಲ್ಲ. ಹೆಂಗಸಿನ ಕೈಗೆ ಸ್ಪೀಕರ್ ಕೊಡುವುದುಂಟೇ ಎಂದು ಮೂಗು ಮುರಿದವರು ಈಗ ಸರದಿಗೆ ಕಾಯುತ್ತಾರೆ. ದಿನಕ್ಕೆ ಎರಡೇ, ಮೂರನೆಯದನ್ನು ಮುಟ್ಟುವುದಿಲ್ಲ. ಡಿಜಿಟಲ್ ಡಬ್ಬಿಗೆ ಇಲ್ಲಿ ಪ್ರವೇಶವಿಲ್ಲ ಎಂಬುದೇ ಅಂಗಡಿಯ ಖ್ಯಾತಿ. ರೆಕಾರ್ಡು, ಅದರ ಮೇಲೆ ಓಡುವ ಮುಳ್ಳು, ಆಂಪ್ಲಿಫೈಯರ್, ಅತ್ತೆಯ ಕಿವಿ. ಅಷ್ಟೆ.

ಸೊಸೆಯದು ಪೂರ್ತಿ ಉಲ್ಟಾ. ಅವಳು ಸಭಾಂಗಣಗಳಲ್ಲಿ ಹೊಸ ಸ್ಪೀಕರ್ ಹೊಂದಿಸುವವಳು. ಅವುಗಳ ಹೊಟ್ಟೆಯಲ್ಲಿರುವ ಚಿಪ್ ಸಂಗೀತವನ್ನು ಅಂಕಿಗಳಾಗಿ ಒಡೆದು, ಏರುಪೇರು ತಿದ್ದಿ, ಮತ್ತೆ ಸದ್ದಾಗಿಸಿ ಬಿಡುತ್ತದೆ. ‘ಹಾಡನ್ನ ಮಿಕ್ಸಿಗೆ ಹಾಕ್ತಾಳೆ ನೋಡಿ’ ಎಂದು ಅತ್ತೆ ಚುಚ್ಚುತ್ತಾರೆ. ಅವಳೂ ಬಿಡುವವಳಲ್ಲ.

ಹೋದ ವರ್ಷ ರಿಪೇರಿಯಾದ ಸ್ಪೀಕರ್ ಒಂದು ವಾಪಸ್ ಬಂತು: ಕಿವಿ ಕೊರೆಯುತ್ತದೆ ಎಂದು ದೂರು. ಅತ್ತೆ ಗಿರಾಕಿಯ ಆಂಪ್ಲಿಫೈಯರನ್ನೇ ಬೈದು ಕಳಿಸಿದರು. ಇನ್ನೊಂದು ಬಂತು, ಮತ್ತೊಂದು ಬಂತು. ಸೊಸೆ ಸದ್ದು ಅಳೆಯುವ ಮೈಕು ತಂದು ಸ್ಪೀಕರಿನ ಎದುರಿಗಿಟ್ಟಳು. ಅದಕ್ಕೆ ಜೋಡಿಸಿದ ಪರದೆಯಲ್ಲಿ ಗೆರೆ ಮೇಲಿನ ಸ್ವರಗಳ ಕಡೆ ಬಂದಾಗ ಗುಡ್ಡ ಹತ್ತಿತು. ವಯಸ್ಸಾಗಿ ಅತ್ತೆಯ ಕಿವಿಗೆ ಆ ಸ್ವರಗಳು ಮಂಕಾಗಿದ್ದವು. ತಮಗೆ ಕೇಳಿಸುವಷ್ಟು ಏರಿಸಲು ಹೋಗಿ ಪ್ರತಿ ಸ್ಪೀಕರ್ ಪೆಟ್ಟಿಗೆಯನ್ನೂ ಕಿರುಚುವಂತೆ ಹೊಂದಿಸಿದ್ದರು.

ಅವತ್ತು ಶಟರ್ ಎಳೆದ ಅತ್ತೆ ವಾರವಾದರೂ ಅಂಗಡಿ ತೆರೆಯಲಿಲ್ಲ. ಕೊನೆಗೆ ಸೊಸೆಯೇ ಹೇಳಿದಳು: ‘ಕೈ ನಿಮ್ದೇ ಇರ್ಲಿ ಅತ್ತೆ. ಕೊನೇಲಿ ಒಂದ್ಸಲ ಅಳೆಯೋಣ. ಚಿಪ್ ಹಾಕಿ ಅಂತ ನಾನೆಲ್ಲಿ ಹೇಳ್ದೆ?’

ಇಂಥವರ ಕಾಲ ಮುಗಿಯಿತು ಎಂದು ಕಣ್ಣೀರು ಸುರಿಸುವ ಪಂಡಿತರೂ, ಚಿಪ್ ಇಲ್ಲದ ಅನಲಾಗೇ ಶುದ್ಧ, ಉಳಿದದ್ದೆಲ್ಲ ಕಸ ಎಂದು ಕೂಗುವ ಶೋಕಿಲಾಲರೂ ಒಮ್ಮೆ ಈ ಮೇಜಿನ ಮುಂದೆ ಬಂದು ನಿಲ್ಲಲಿ. ತಪ್ಪನ್ನು ಯಂತ್ರದ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ಎಷ್ಟು ಸುಲಭವಿತ್ತು! ಅತ್ತೆ ಈ ಸಲ ಹಾಗೆ ಮಾಡಲಿಲ್ಲ; ಅಳೆಯಲು ಒಪ್ಪಿದರು. ಹಳೆಯ ಗಿರಾಕಿಗಳಿಗೆಲ್ಲ ತಾವೇ ಫೋನು ಮಾಡಿ, ನನ್ನ ಕಿವಿ ಕೈಕೊಟ್ಟಿತ್ತು, ಪೆಟ್ಟಿಗೆ ತನ್ನಿ, ಸರಿಮಾಡಿಕೊಡುತ್ತೇನೆ ಎಂದರು. ಹೆಸರು ಮಣ್ಣುಪಾಲಾಯಿತು ಎಂದುಕೊಂಡೇ ಕಾದರು. ಬಂದವರು ಪಕ್ಕದ ಮನೆಯವರದನ್ನೂ ಹೊತ್ತು ತಂದರು.

ಪೆಟ್ಟಿಗೆ ತರದೆ ಉಳಿದವರು ಒಬ್ಬರೇ, ನಿವೃತ್ತ ಬಸ್ ಡ್ರೈವರ್. ಅವರಿಗೂ ಅತ್ತೆಯದೇ ವಯಸ್ಸು. ನನಗೆ ಹೀಗಿದ್ದರೇ ಚೆನ್ನಾಗಿ ಕೇಳಿಸುವುದು, ಮುಟ್ಟಬೇಡಿ ಎಂಬುದು ಅವರ ಹಟ. ಬಹಳ ಗೋಗರೆದ ಮೇಲೆ ಇವತ್ತು ತಂದಿದ್ದಾರೆ. ಅತ್ತೆ ಪೆಟ್ಟಿಗೆ ಬಿಚ್ಚಿ ಸರಿಪಡಿಸುತ್ತಾರೆ, ಸೊಸೆ ಅಳೆಯುತ್ತಾಳೆ, ಗೆರೆ ಸಮನಾಗುತ್ತದೆ. ಡ್ರೈವರ್ ಮುಖ ಊದಿಸುತ್ತಾರೆ. ಅತ್ತೆ ಪೆಟ್ಟಿಗೆಯ ಬೆನ್ನಿಗೆ ಮೇಲಿನ ಸ್ವರ ಏರಿಸಿ ಇಳಿಸುವ ಒಂದು ಪುಟ್ಟ ತಿರುಪು ಕೂರಿಸಿ ಅವರ ಮುಂದೆ ಸರಿಸುತ್ತಾರೆ.

‘ನಿಮ್ಮ ಕಿವಿಗೆ ಬೇಕಾದಷ್ಟು ತಿರುಗಿಸ್ಕೊಳ್ಳಿ, ಯಾರು ಬೇಡ ಅಂದ್ರು? ಪೆಟ್ಟಿಗೆ ನನ್ನ ಮೇಜಿಂದ ಇಳಿಯೋವಾಗ ಮಾತ್ರ ಆ ಗೆರೆ ನೆಟ್ಟಗಿರ್ಬೇಕು.’